ಒರಳುಕಲ್ಲಿನ ಮೇಲೆ ಒಂದು ನೀಲಿ ಪ್ರೋಟೀನ್

ಕಾರವಾರ ಪೇಟೆಯ ಶೇಟ್ರ ಅಂಗಡಿಗೆ ಹೋಗಿ ಹತ್ತು ಸೆಂಟಿಮೀಟರ್ ಚಿನ್ನದ ತಂತಿ ಬೇಕು ಅಂದೆ. ಶೇಟ್ರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

"ಎಷ್ಟು ದಪ್ಪ, ಮಾಸ್ತರೇ?"

"ಕೂದಲಿನಷ್ಟು. 24 ಕ್ಯಾರೆಟ್‌ದೇ ಆಗ್ಬೇಕು, ತಾಮ್ರ ಬೆರೆಸಿದ್ದು ಬೇಡ."

ಉಕ್ಕಿನ ಪಟ್ಟಿಯ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದೆಳೆದು 0.1 ಮಿಲಿಮೀಟರಿಗೆ ಇಳಿಸಿಕೊಟ್ಟರು. ತೂಕ ಲೆಕ್ಕ ಹಾಕಿದರೆ ಸುಮಾರು 15 ಮಿಲಿಗ್ರಾಂ. ಅಂದರೆ ಗುಂಜಿಯ ಎಂಟನೇ ಒಂದು ಪಾಲು. ಅವರ ತಕ್ಕಡಿ ಒಮ್ಮೆ 0.01 ಗ್ರಾಂ ಅಂತ ತೋರಿಸಿತು, ಇನ್ನೊಮ್ಮೆ 0.02 ಅಂತ. ಚಿನ್ನಕ್ಕಿಂತ ಮಜೂರಿಯೇ ಜಾಸ್ತಿ ಆಯಿತು. ಏನು ಮಾಡಿಸ್ತೀರಿ ಅಂತ ಕೇಳಿದರು. ಮಾಡಿಸೋದಿಲ್ಲ, ಮುರಿಯೋದಕ್ಕೆ ಅಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ತಂತಿಯನ್ನು ಗುಲಾಬಿ ಕಾಗದದಲ್ಲಿ ಮಡಚಿ ಕೊಟ್ಟರು, ಅಷ್ಟೇ.

ಮುರಿಯೋದೇ ಈ ಕೆಲಸದ ಮೂಲ. ಚಿನ್ನದ ತಂತಿಯನ್ನು ಬಹಳ ನಿಧಾನವಾಗಿ ಎಳೆದರೆ ನಡುವೆ ಸಣಕಲಾಗುತ್ತಾ ಹೋಗುತ್ತದೆ. ಕೊನೆಯ ಗಳಿಗೆಯಲ್ಲಿ ಒಂದೇ ಒಂದು ಪರಮಾಣು ಎರಡೂ ಕಡೆಯನ್ನು ಹಿಡಿದುಕೊಂಡಿರುತ್ತದೆ. ಅದೂ ಬಿಟ್ಟರೆ ಎರಡು ಚೂಪಾದ ತುದಿಗಳು, ನಡುವೆ ಕೆಲವು ನ್ಯಾನೋಮೀಟರ್ ಜಾಗ. ಆ ಜಾಗಕ್ಕೆ ಒಂದು ಪ್ರೋಟೀನ್ ಬಂದು ಕೂತರೆ ಅದರ ಮೂಲಕ ಎಷ್ಟು ಕರೆಂಟು ಹೋಗುತ್ತದೆ ಅಂತ ಅಳೆಯಬಹುದು. ದೊಡ್ಡ ಲ್ಯಾಬುಗಳಲ್ಲಿ ಇದನ್ನು ಮಾಡುತ್ತಾರೆ. ಕೋಡಿಬಾಗದ ಬಾಡಿಗೆ ಮನೆಯ ಮಾಳಿಗೆಯಲ್ಲಿ ಎಷ್ಟು ದೂರ ಹೋಗಬಹುದು ಅನ್ನೋದು ನನ್ನ ಪ್ರಶ್ನೆ.

ಪ್ರೋಟೀನಿನಲ್ಲಿ ಕರೆಂಟು ಹೋಗುತ್ತದಾ ಅಂತ ಹುಬ್ಬೇರಿಸಬೇಡಿ. ನಾವು ಉಸಿರಾಡುವುದೇ ಅದರ ಮೇಲೆ. ಜೀವಕೋಶದ ಒಳಗೆ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಎಲೆಕ್ಟ್ರಾನನ್ನು ಒಂದು ಕಡೆ ಹತ್ತಿಸಿಕೊಂಡು ಇನ್ನೊಂದು ಕಡೆ ಇಳಿಸುತ್ತದೆ. 1966ರಲ್ಲಿ ಡಿವಾಲ್ಟ್ ಮತ್ತು ಚಾನ್ಸ್ ಎಂಬಿಬ್ಬರು ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಾವನ್ನು ತಣ್ಣಗೆ ಮಾಡುತ್ತಾ ಹೋಗಿ ನೋಡಿದರು. ಒಂದು ಹಂತದಿಂದ ಕೆಳಗೆ ಎಷ್ಟು ತಣ್ಣಗಾದರೂ ಎಲೆಕ್ಟ್ರಾನಿನ ಓಟ ಇನ್ನಷ್ಟು ನಿಧಾನವಾಗಲಿಲ್ಲ. ಗೋಡೆ ಹತ್ತಿ ಇಳಿಯೋದಾದರೆ ಬಿಸಿ ಬೇಕು. ಬಿಸಿ ಇಲ್ಲದೆಯೂ ಆಚೆ ಹೋಗುತ್ತಿದೆ ಎಂದರೆ ಅದು ಟನೆಲಿಂಗ್, ಗೋಡೆಯ ಒಳಗಿಂದಲೇ ದಾಟುವುದು.

ಖಾಲಿ ಜಾಗದಲ್ಲಿ ಹೀಗೆ ದಾಟುವುದಾದರೆ ದೂರ ಒಂದು ಆಂಗ್‌ಸ್ಟ್ರಾಮ್, ಅಂದರೆ 0.1 ನ್ಯಾನೋಮೀಟರ್, ಹೆಚ್ಚಾದ ಹಾಗೆಲ್ಲ ಕರೆಂಟು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಪ್ರೋಟೀನಿನ ಒಳಗೆ ಅಷ್ಟು ಜೋರಾಗಿ ಬೀಳುವುದಿಲ್ಲ. ಹ್ಯಾರಿ ಗ್ರೇ ಮತ್ತು ಜೇ ವಿಂಕ್ಲರ್ ಎಂಬ ವಿಜ್ಞಾನಿಗಳು ಅಳೆದ ಲೆಕ್ಕದಲ್ಲಿ ಆಂಗ್‌ಸ್ಟ್ರಾಮಿಗೆ ಸುಮಾರು ಮೂರರಲ್ಲಿ ಒಂದು ಪಾಲು. ನಮ್ಮ ಕಡೆ ಹಳ್ಳಕ್ಕೆ ಸಂಕ ಹಾಕುತ್ತಾರಲ್ಲ, ಹಾಗೆ. ಅಡಿಕೆ ಮರದ ಎರಡು ದಬ್ಬೆಯಾದರೂ ಸರಿ, ಏನೂ ಇಲ್ಲದ್ದಕ್ಕಿಂತ ವಾಸಿ.

ಮೊದಲು ಪ್ರೋಟೀನ್ ಬದಿಗಿಟ್ಟೆ. ಚಿನ್ನವೇ ಸರಿಯಾಗಿ ಮುರಿಯದಿದ್ದರೆ ಮುಂದಿನದ್ದೆಲ್ಲ ದಂಡ.

ಆರಂಭಕ್ಕೆ ತೀರಾ ಸೋಮಾರಿ ವಿಧಾನ. 1995ರಲ್ಲಿ ಮ್ಯಾಡ್ರಿಡ್‌ನ ಕೆಲವರು ಎರಡು ತಂತಿಗಳನ್ನು ಸುಮ್ನೆ ಒಂದಕ್ಕೊಂದು ತಾಗಿಸಿಟ್ಟು, ಮೇಜಿಗೆ ತಟ್ಟಿ, ಅವು ಬಿಟ್ಟುಕೊಳ್ಳುವ ಗಳಿಗೆಯನ್ನು ಆಸಿಲೋಸ್ಕೋಪಿನಲ್ಲಿ, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರದಲ್ಲಿ, ಹಿಡಿದಿದ್ದರು. ನಾನೂ ಅದನ್ನೇ ಮಾಡಿದೆ. ಚಿನ್ನದ ತಂತಿಯ ಎರಡು ತುಂಡು ಅಡ್ಡಡ್ಡ, 100 ಮಿಲಿವೋಲ್ಟ್, ಕರೆಂಟನ್ನು ವೋಲ್ಟೇಜಾಗಿ ಹಿಗ್ಗಿಸಲು ಟಿಎಲ್072 ಅನ್ನೋ ಆಂಪ್ಲಿಫೈಯರ್ ಚಿಪ್ಪು, ಅದರ ಫೀಡ್‌ಬ್ಯಾಕಿಗೆ 100 ಕಿಲೋಓಮ್. ಇಡೀ ಸರ್ಕೀಟು ಎರಡು 9 ವೋಲ್ಟ್ ಬ್ಯಾಟರಿಗಳ ಮೇಲೆ.

ತಂತಿ ಜೋಡಿಸುವ ಮೊದಲು ಅದರ ಜಾಗದಲ್ಲಿ ಒಂದು 13 ಕಿಲೋಓಮ್ ರೆಸಿಸ್ಟರ್ ಹಾಕಿ ನೋಡಿದೆ. ಯಾಕೆಂದರೆ ಒಂದೇ ಚಿನ್ನದ ಪರಮಾಣುವಿನ ದಾರಿಗೆ ಪ್ರಕೃತಿ ಕಟ್ಟಿಟ್ಟ ಬೆಲೆ 12.9 ಕಿಲೋಓಮ್. ತಂತಿ ಯಾರು ಎಳೆದದ್ದು, ಎಷ್ಟು ಉದ್ದ ಅನ್ನೋದೆಲ್ಲ ಲೆಕ್ಕಕ್ಕಿಲ್ಲ. ಎಲೆಕ್ಟ್ರಾನಿನ ಚಾರ್ಜು ಮತ್ತು ಪ್ಲಾಂಕ್ ಸ್ಥಿರಾಂಕ ಎರಡರಿಂದಲೇ ಬರುವ ಸಂಖ್ಯೆ ಅದು. 13 ಕಿಲೋಓಮಿಗೆ ಔಟ್‌ಪುಟ್ 0.77 ವೋಲ್ಟ್ ಬಂತು. ಎರಡನ್ನು ಪ್ಯಾರಲಲ್ ಹಾಕಿದರೆ 1.54. ಸ್ಕೋಪಿನ ಪರದೆಯ ಮೇಲೆ ಆ ಎತ್ತರಗಳಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. ಸ್ಕೋಪಿಗೆ ಕರ್ಸರ್ ಇದೆ, ಗೊತ್ತು. ಪೆನ್ನಿನ ಗೆರೆಯೇ ನನಗೆ ಖುಷಿ.

ಆಮೇಲೆ ಮೇಜಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದೆ. ಒಮ್ಮೆ, ಎರಡು ಸಲ, ಹದಿನೈದು ಸಲ. ಹೆಚ್ಚಿನವು ಬರೀ ಕಡಿದಾದ ಇಳಿತ. ಹದಿನಾರನೆಯದೋ ಹದಿನೇಳನೆಯದೋ ಸಲ ಇಳಿಜಾರಿನ ನಡುವೆ ಎರಡು ಮೆಟ್ಟಿಲು ಕಂಡವು. ಕೆಳಗಿನದ್ದು ಪೆನ್ನಿನ ಗೆರೆಯ ಮೇಲೇ ಕೂತಿತ್ತು. ಕೆಲವೇ ಹತ್ತು ಮೈಕ್ರೋಸೆಕೆಂಡು. ಶೇಟ್ರು ಎಳೆದುಕೊಟ್ಟ ತಂತಿಯಲ್ಲಿ ಒಂದೇ ಪರಮಾಣು ಹಿಡಿದು ನಿಂತ ಹೊತ್ತು ಅದು. ಕೆಳಗಿನ ಮನೆಯವರು ಬಂದು "ಏನ್ ಸರ್, ಬಾಗಿಲು ತಟ್ಟಿದ್ರಾ?" ಅಂತ ಕೇಳಿದರು.

ತಟ್ಟುವುದರಿಂದ ಮೆಟ್ಟಿಲು ಕಾಣುತ್ತದೆ, ಆದರೆ ಪ್ರೋಟೀನಿಗೆ ಕೂರಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ನಿಧಾನವಾಗಿ ಮುರಿಯುವ ಯಂತ್ರ ಬೇಕು. ಉಪಾಯ ಸರಳ. ಬಾಗುವ ಪಟ್ಟಿಯೊಂದರ ಮೇಲೆ ತಂತಿಯನ್ನು ಎರಡು ಹನಿ ಅಂಟಿನಿಂದ ಅಂಟಿಸಬೇಕು. ಎರಡು ಹನಿಗಳ ನಡುವೆ ಬ್ಲೇಡಿನಿಂದ ಕಚ್ಚು ಹಾಕಬೇಕು. ಪಟ್ಟಿಯ ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ಕೆಳಗಿನಿಂದ ಸ್ಕ್ರೂನಲ್ಲಿ ಒತ್ತಬೇಕು. ಪಟ್ಟಿ ಬಾಗಿದ ಹಾಗೆ ಮೇಲ್ಮೈ ಹಿಗ್ಗುತ್ತದೆ, ತಂತಿ ಕಚ್ಚಿನಲ್ಲಿ ಬಿಡುತ್ತದೆ.

ಪಟ್ಟಿಗೆ ಮೊದಲು ಶಾಲೆಯ ಸ್ಟೀಲ್ ಸ್ಕೇಲ್ ಕತ್ತರಿಸಿ ಹಾಕಿದೆ. ಅದು ಬಾಗಿದ್ದು ಹಾಗೇ ನಿಂತಿತು, ವಾಪಸ್ ಬರಲೇ ಇಲ್ಲ. ಆಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡು. ಹಲ್ಲುಗಳನ್ನು ಗ್ರೈಂಡರಿನಲ್ಲಿ ಸವೆಸಿ, ಮೇಲೆ ಪಾಲಿಇಮೈಡ್ ಟೇಪು ಹಚ್ಚಿದೆ. ಇದು ಸ್ಪ್ರಿಂಗಿನ ಹಾಗೆ ಚೆನ್ನಾಗಿ ಮರಳುತ್ತದೆ.

ಇಲ್ಲಿ ಲೆಕ್ಕ ಒಂದು ಸಲ ನೋಡಿ, ಚಂದ ಇದೆ. ಪಟ್ಟಿಯ ದಪ್ಪ 0.63 ಮಿಲಿಮೀಟರ್, ಅಂಟಿನ ಹನಿಗಳ ನಡುವೆ 0.3, ಆಸರೆಗಳ ನಡುವೆ 30. ದಪ್ಪವನ್ನೂ ಹನಿಗಳ ಅಂತರವನ್ನೂ ಗುಣಿಸಿ, ಆರರಿಂದ ಗುಣಿಸಿ, ಆಸರೆಯ ದೂರದ ವರ್ಗದಿಂದ ಭಾಗಿಸಿದರೆ ಸುಮಾರು 800ರಲ್ಲಿ ಒಂದು. ಅಂದರೆ ಸ್ಕ್ರೂ ಒಂದು ಮೈಕ್ರೋಮೀಟರ್ ಏರಿದರೆ ಚಿನ್ನದ ಬಾಯಿ ಒಂದೂಕಾಲು ನ್ಯಾನೋಮೀಟರ್ ತೆರೆಯುತ್ತದೆ. ಎಂ3 ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಏರುತ್ತದೆ. ಅದಕ್ಕೆ 28ಬಿವೈಜೆ48 ಅನ್ನೋ ಚಿಕ್ಕ ಗೇರಿನ ಸ್ಟೆಪರ್ ಮೋಟರು ಕಟ್ಟಿದರೆ ಸುತ್ತಿಗೆ 4096 ಹೆಜ್ಜೆ. ಹೆಜ್ಜೆಗೆ ಬಾಯಿ ತೆರೆಯುವುದು 0.15 ನ್ಯಾನೋಮೀಟರ್, ಚಿನ್ನದ ಪರಮಾಣುವಿನ ಅರ್ಧದಷ್ಟು. ಅಗ್ಗದ ಮೋಟರಿಗೆ ಇದು ಸಾಕು ಅನ್ನಿಸಿತು. ಸಾಕಾಗಲಿಲ್ಲ. ಪ್ರತಿ ಹೆಜ್ಜೆಗೂ ಮೋಟರು ಕುಟ್ಟಿದ ಹಾಗೆ ಅದುರುತ್ತದೆ. ಕೊನೆಗೆ ಸ್ಕ್ರೂ ಮತ್ತು ಪಟ್ಟಿಯ ನಡುವೆ ಬೀಪ್ ಅನ್ನುವ ಬಜರಿನೊಳಗಿನ ಹಿತ್ತಾಳೆ ಬಿಲ್ಲೆ ಇಟ್ಟೆ. ಅದು ಪಿಯೆಜೋ, ವೋಲ್ಟೇಜು ಕೊಟ್ಟರೆ ಸದ್ದಿಲ್ಲದೆ ಉಬ್ಬುತ್ತದೆ. ಮೋಟರಿನಿಂದ ಹತ್ತಿರ ತಂದು, ಅದರ ಕರೆಂಟು ಪೂರ್ತಿ ತೆಗೆದು, ಮುಂದಿನದ್ದು ಬಜರಿನಲ್ಲಿ. ಬಿಸ್ಕತ್ತಿನ ಟಿನ್ನಿನೊಳಗೆ ಇನ್ನೊಂದು ಟಿನ್ನು, ಅದರೊಳಗೆ ಇದೆಲ್ಲ.

ಅಷ್ಟಾದರೂ ಹೆದ್ದಾರಿಯ ಲಾರಿಗಳು ಬಿಡಲಿಲ್ಲ. ಹಗಲು ಅಂತೂ ಕೆಲಸವೇ ಇಲ್ಲ. ರಾತ್ರಿ ಎರಡರಿಂದ ನಾಲ್ಕರವರೆಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ, ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಕೂತು, ಐದು ರಾತ್ರಿಗೆ ಸಾವಿರ ಸಲ ಮುರಿದೆ. ಒಂದು ಪರಮಾಣುವಿನ ಕರೆಂಟನ್ನು ಒಂದು ಅಂತ ಹಿಡಿದು, ಯಾವ ಎತ್ತರ ಎಷ್ಟು ಸಲ ಬಂತು ಅಂತ ಎಲ್ಲ ಸೇರಿಸಿ ಹಿಸ್ಟೋಗ್ರಾಮ್ ಹಾಕಿದರೆ ಒಂದರ ಹತ್ತಿರ ಚೂಪಾದ ಗುಡ್ಡ, ಎರಡಕ್ಕೆ ಸ್ವಲ್ಪ ಈಚೆ ಅಗಲದ ಗುಡ್ಡ, ಮೂರರ ಹತ್ತಿರ ಒಂದು ದಿಬ್ಬ. ಪುಸ್ತಕದಲ್ಲಿ ಇದ್ದ ಹಾಗೇ.

ಈಗ ಪ್ರೋಟೀನ್. ದೊಡ್ಡ ಊರಿನ ಲ್ಯಾಬೊಂದರಲ್ಲಿ ಇರುವ ಗೆಳೆಯ ಅಜುರಿನ್ ಕೊಡುತ್ತೇನೆ ಅಂದ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದಿಂದ ಸಿಗುವ ಚಿಕ್ಕ ಪ್ರೋಟೀನ್ ಇದು, 128 ಅಮೈನೋ ಆಮ್ಲಗಳ ಸರಪಳಿ. ಒಳಗೆ ಒಂದು ತಾಮ್ರದ ಅಯಾನು. ಒಂದು ಕಡೆ ಎರಡು ಗಂಧಕದ ಪರಮಾಣುಗಳು ಜೋಡಿಯಾಗಿವೆ, ಅವು ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಹಾಗಾಗಿ ಇಂಥ ಪ್ರಯೋಗದವರಿಗೆಲ್ಲ ಇದು ಅಚ್ಚುಮೆಚ್ಚು. ಮೀನು ತರುವಂಥ ಥರ್ಮಾಕೋಲ್ ಡಬ್ಬದಲ್ಲಿ ಐಸು ತುಂಬಿ ಬಸ್ಸಿನಲ್ಲಿ ಕಳಿಸಿದ. ಡಬ್ಬ ಇಳಿಸಿಕೊಡುವಾಗ ಕಂಡಕ್ಟರು "ಕಾರವಾರಕ್ಕೆ ಹೊರಗಿಂದ ಮೀನಾ ಮಾರಾಯ್ರೆ?" ಅಂದರು.

ಒಳಗೆ ಚಿಟಿಕೆಯಷ್ಟಿನ ಟ್ಯೂಬು, ತಳದಲ್ಲಿ 50 ಮೈಕ್ರೋಲೀಟರ್. ಬೆಳಕಿಗೆ ಹಿಡಿದೆ. ಅಚ್ಚ ನೀಲಿ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಲೋಟ ನೀರಿಗೆ ಎರಡು ಹನಿ ಬಿಟ್ಟರೆ ಬರುವ ಬಣ್ಣ. ಆ ನೀಲಿ ಬರುವುದು ತಾಮ್ರದಿಂದ. ಪ್ರೋಟೀನ್ ಕೆಟ್ಟರೆ ಬಣ್ಣ ಹೋಗುತ್ತದೆ, ಹಾಗಾಗಿ ಅದೇ ನನ್ನ ಟೆಸ್ಟು.

ಆಂಪ್ಲಿಫೈಯರ್ ಬದಲಿಸಬೇಕಾಯಿತು. ಪ್ರೋಟೀನಿನ ಕರೆಂಟು ಚಿನ್ನದ ಪರಮಾಣುವಿನದ್ದಕ್ಕಿಂತ ಹತ್ತಾರು ಸಾವಿರ ಪಟ್ಟು ಕಮ್ಮಿ. ಎಲ್‌ಎಂಸಿ6081, ಫೀಡ್‌ಬ್ಯಾಕಿಗೆ ಒಂದು ಗಿಗಾಓಮ್. ಇನ್‌ಪುಟ್ ಕಾಲನ್ನು ಬೋರ್ಡಿಗೆ ತಾಗಿಸದೆ ಗಾಳಿಯಲ್ಲೇ ಎತ್ತಿ ಬೆಸುಗೆ ಹಾಕಿದೆ. ಬೋರ್ಡಿನ ಮೇಲಿನ ಕೊಳೆಯೇ ಗಿಗಾಓಮಿಗೆ ಪೈಪೋಟಿ ಕೊಡುತ್ತದೆ. ಎರಡು ಆಂಪ್ಲಿಫೈಯರುಗಳ ನಡುವೆ ಬದಲಾಯಿಸಲು ಒಂದು ರಿಲೇ ಹಾಕಿದ್ದೆ. ಅದು ಟಿಕ್ ಅಂದ ಕೂಡಲೇ ಚಿನ್ನದ ತುದಿಗಳು ಅಂಟಿಕೊಂಡವು. ರಿಲೇ ತೆಗೆದು ಎಸೆದೆ.

ಜೂನ್ ಎರಡನೇ ವಾರ, ಹೊರಗೆ ಧೋ ಅಂತ ಮಳೆ. ಒಂದು ಹನಿ ನೀಲಿಯನ್ನು ಕಚ್ಚಿನ ಮೇಲೆ ಬಿಟ್ಟು, ಅರ್ಧ ಗಂಟೆ ಕಾದು, ತಂತಿ ಮುರಿದೆ. ಕರೆಂಟು ಸೊನ್ನೆಗೆ ಬೀಳಲಿಲ್ಲ! 40 ನ್ಯಾನೋಸೀಮನ್ಸ್ ಹತ್ತಿರ ಗಟ್ಟಿಯಾಗಿ ನಿಂತಿತು. (ಸೀಮನ್ಸ್ ಅಂದರೆ ಓಮ್‌ನ ತಿರುಗುಮುರುಗು, ಕರೆಂಟು ಎಷ್ಟು ಸಲೀಸಾಗಿ ಹೋಗುತ್ತದೆ ಅನ್ನೋದರ ಅಳತೆ.) ಎರಡು ಗಂಟೆ ಹಾಗೇ ಇತ್ತು. ರಾತ್ರಿ ಮೂರೂವರೆಗೆ ಗೆಳೆಯನಿಗೆ ಫೋಟೋ ಕಳಿಸಿದೆ. ಒಂದೇ ಪ್ರೋಟೀನ್, ನನ್ನ ಮಾಳಿಗೆಯಲ್ಲಿ!

ಬೆಳಿಗ್ಗೆ ಅವನ ಫೋನ್. "ಬಾಯಿ ಇನ್ನಷ್ಟು ತೆರೆದ್ರೆ ಏನಾಗತ್ತೆ?"

"ಏನೂ ಆಗಲ್ಲ. ಅಷ್ಟೇ ಇದೆ."

"ಎಷ್ಟು ತೆರೆದೆ?"

"ಐವತ್ತು ನ್ಯಾನೋಮೀಟರ್ ಇರಬಹುದು."

ಅವನು ನಗಲಿಲ್ಲ, ಅದು ಅವನ ದೊಡ್ಡತನ. ಅಜುರಿನ್ ಇರುವುದೇ ನಾಲ್ಕು ನ್ಯಾನೋಮೀಟರ್ ಆಸುಪಾಸು. ಐವತ್ತು ನ್ಯಾನೋಮೀಟರ್ ಬಾಯಿಗೆ ಅದು ಚಾಚಿಕೊಳ್ಳೋದಾದರೂ ಹೇಗೆ?

ಹನಿ ಒರೆಸಿ, ಪ್ರೋಟೀನ್ ಇಲ್ಲದ ಬರೀ ಬಫರ್, ಅಂದರೆ ಪ್ರೋಟೀನನ್ನು ಕರಗಿಸಿಡುವ ದ್ರಾವಣ, ಹಾಕಿದೆ. ಅದೇ 40. ಬಫರಿನಲ್ಲಿ ಉಪ್ಪಿದೆ. ಉಪ್ಪಿನ ಅಯಾನುಗಳು ನೀರಿನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಕರೆಂಟು ಸಾಗಿಸುತ್ತಿದ್ದವು. ಚಿನ್ನದ ತುದಿ ಕೆಲವು ನ್ಯಾನೋಮೀಟರ್ ಆದರೂ, ಹನಿಯಲ್ಲಿ ಮುಳುಗಿದ ತಂತಿ ಒಂದು ಮಿಲಿಮೀಟರ್ ಉದ್ದ ಇತ್ತು. ಇನ್ನೂ ಸಿಟ್ಟು ಬಂದು ಎಲ್ಲ ಒಣಗಿಸಿ, ಹನಿಯೇ ಇಲ್ಲದೆ, ಬಾಯಿ ಪೂರ್ತಿ ತೆರೆದು ಅಳೆದೆ. 8 ನ್ಯಾನೋಸೀಮನ್ಸ್! ಇದು ಯಾರದ್ದು? ಕಡಲಿನದ್ದು. ಉಪ್ಪುಗಾಳಿ, ನನ್ನ ಬೆರಳಿನ ಬೆವರು, ಮಳೆಗಾಲದ ತೇವ ಸೇರಿ ಟೇಪಿನ ಮೇಲೆ ಒಂದು ತೆಳು ಪದರ ಕಟ್ಟಿತ್ತು. ಕಾರವಾರದಲ್ಲಿ ಕಿಟಕಿಯ ಸರಳು ಮೂರು ವರ್ಷಕ್ಕೆ ತುಕ್ಕು ಹಿಡಿದು ಉದುರುವುದನ್ನು ನೋಡಿಯೂ ಇದು ಹೊಳೆಯಲಿಲ್ಲವಲ್ಲ ಅಂತ ನನ್ನ ಮೇಲೇ ಬೇಜಾರಾಯಿತು.

ಪ್ರೋಟೀನ್ ಇಲ್ಲದ ಅಳತೆಯನ್ನು ಮೊದಲು ಮಾಡಬೇಕಿತ್ತು. ನಾನು ಮಾಡಿದ್ದು ಕೊನೆಗೆ. ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಇದನ್ನೇ ಹೇಳಿ ಬೈಯುವವನು ನಾನು.

ದಸರಾ ರಜೆಗೆ ಎಲ್ಲವನ್ನೂ ಕಟ್ಟಿಕೊಂಡು, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಹತ್ತಿರದ ಅತ್ತೆಯ ಮನೆಗೆ ಹೋದೆ. ಕಡಲಿಲ್ಲ, ಹೆದ್ದಾರಿ ಇಲ್ಲ. ಹಿತ್ತಲಲ್ಲಿ ಹಳೇ ಒರಳುಕಲ್ಲು ಬಿದ್ದಿತ್ತು, ಮಳೆನೀರು ತುಂಬಿ ಹಕ್ಕಿ ಕುಡಿಯುತ್ತಿದ್ದವು. ಅದನ್ನು ಮೂವರು ಸೇರಿ ಉರುಳಿಸಿ ಒಳಕೋಣೆಗೆ ತಂದು, ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕೂರಿಸಿದೆವು. ಭಾರದ ಕಲ್ಲು, ಮೆತ್ತನೆಯ ಟ್ಯೂಬು. ನೆಲದ ಅದುರು ಕಲ್ಲಿಗೆ ಏರುವಷ್ಟರಲ್ಲಿ ಸತ್ತು ಹೋಗುತ್ತದೆ. ಬಿಸ್ಕತ್ತಿನ ಟಿನ್ನು ಒರಳಿನ ಗುಳಿಯೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಅಪಿ, ಒರಳಿಗೆ ಎಂತಾ ಕಟ್ಟಿದ್ಯೋ?" ಅಂದಳು. ಪ್ರೋಟೀನಿಗೆ ಕರೆಂಟು ಕೊಡ್ತಾ ಇದ್ದೆ ಅಂದೆ. "ಮಿಕ್ಸಿ ಹಾಕಲಾಗ್ತಾ ಹಂಗಾರೆ?" ಆಗೋದಿಲ್ಲ. ಪಾಪ, ನಾಲ್ಕು ದಿನ ಚಟ್ನಿ ಬೆಳಿಗ್ಗೆ ಆರಕ್ಕೇ ಮುಗಿಯುತ್ತಿತ್ತು.

ಸೋರಿಕೆಗೆ ಮದ್ದು ಸಿಕ್ಕಿದ್ದೂ ಆ ಮನೆಯಲ್ಲೇ. ಲ್ಯಾಬಿನವರು ಚಿನ್ನದ ಮೊನೆಯನ್ನು ಬಿಟ್ಟು ಉಳಿದದ್ದಕ್ಕೆ ಮೇಣ ಮೆತ್ತುತ್ತಾರೆ, ದ್ರವಕ್ಕೆ ಲೋಹ ತಾಗದ ಹಾಗೆ. ಅತ್ತೆಯ ಹತ್ತಿರ ಜೇನುಮೇಣ ಇತ್ತು. ಬೆಸುಗೆ ಕಡ್ಡಿಯನ್ನು ಕಮ್ಮಿ ಬಿಸಿಯಲ್ಲಿಟ್ಟು, ಹೊಲಿಗೆ ಸೂಜಿಯ ತುದಿಯಿಂದ ಕರಗಿದ ಮೇಣವನ್ನು ತಂತಿಗೆ ಹಚ್ಚುತ್ತಾ ಬಂದೆ. ಕಚ್ಚಿನ ಹತ್ತಿರ ಬಂದಾಗ ಕೈ ನಡುಗುತ್ತದೆ. ಉಸಿರು ಬಿಟ್ಟು, ಮುಂದಿನ ಉಸಿರು ತೆಗೆದುಕೊಳ್ಳುವ ಮೊದಲು ಒಂದು ಹಚ್ಚು. ಎರಡು ತಂತಿ ಹಾಳಾದವು, ಮೂರನೆಯದ್ದರಲ್ಲಿ ಕಾಲು ಮಿಲಿಮೀಟರ್ ಮಾತ್ರ ಬರಿ ಚಿನ್ನ ಉಳಿಯಿತು. ಮೇಣದ ಕೊಳೆ ಕಚ್ಚಿಗೆ ತಾಗಿದರೂ ಅಷ್ಟು ಚಿಂತೆ ಇಲ್ಲ, ಪ್ರತಿ ಸಲ ಮುರಿದಾಗ ಒಳಗಿನ ಹೊಸ ಚಿನ್ನ ಹೊರಬರುತ್ತದೆ. ಟೇಪನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ, ಟಿನ್ನಿನೊಳಗೆ ಸಿಲಿಕಾ ಜೆಲ್ ಇಟ್ಟೆ, ಬರಿಗೈಯಲ್ಲಿ ಮುಟ್ಟುವುದು ಬಿಟ್ಟೆ. ಅಜುರಿನ್ ಚಿನ್ನವನ್ನು ಹಿಡಿದುಕೊಂಡ ಮೇಲೆ ಉಳಿದದ್ದನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿದೆ.

ಈ ಸಲ ಪ್ರೋಟೀನ್ ಇಲ್ಲದೆ ಮೊದಲು. ಬಾಯಿ ತೆರೆದಾಗ ಸೋರಿಕೆ 0.2 ನ್ಯಾನೋಸೀಮನ್ಸ್‌ಗೆ ಇಳಿದಿತ್ತು. 600 ಸಲ ಮುರಿದೆ. ಒಂದೊಂದೂ ಕಲ್ಲು ಬಾವಿಗೆ ಬಿದ್ದ ಹಾಗೆ ನೇರ ತಳಕ್ಕೆ. ಆಮೇಲೆ ಅಜುರಿನ್ ಹಾಕಿ ಇನ್ನೊಂದು 600. ಇವುಗಳಲ್ಲಿ 41 ಸಲ ಬೀಳುವ ದಾರಿಯಲ್ಲಿ ಕರೆಂಟು ಎಲ್ಲೋ ತಡೆದು ನಿಂತಿತು, ಬಾಯಿ ಒಂದೆರಡು ನ್ಯಾನೋಮೀಟರ್ ತೆರೆಯುವ ತನಕ ಹಿಡಿದು, ಆಮೇಲೆ ಬಿಟ್ಟಿತು. ಹಿಂದಿನ ಸುಳ್ಳು 40ರ ಹಾಗೆ ಅಲ್ಲ, ಎಳೆದರೆ ಹರಿಯುವಂಥದ್ದು. ನೋಡುತ್ತಾ ಮೈ ಜುಮ್ಮೆಂದಿತು.

ಆದರೆ ಆ 41 ಒಂದೇ ಎತ್ತರದಲ್ಲಿ ಇಲ್ಲ. ಕೆಲವು 0.5 ನ್ಯಾನೋಸೀಮನ್ಸ್, ಕೆಲವು 5, ನಡುವೆ ಎಲ್ಲೆಲ್ಲೋ. ಚಿನ್ನದ ಪರಮಾಣು ಸಾವಿರ ಸಲವೂ ಒಂದೇ ಜಾಗಕ್ಕೆ ಬರುತ್ತಿತ್ತು. ಇದು ಯಾಕೆ ಹೀಗೆ? ಹತ್ತು ಪಟ್ಟು ಹರಡಿದ್ದನ್ನು ಪ್ರೋಟೀನಿನ ಬೆಲೆ ಅಂತ ಹೇಳುವುದಕ್ಕೆ ನನಗೆ ಧೈರ್ಯ ಇಲ್ಲ. ಅದು ಪ್ರೋಟೀನಿನದ್ದೋ, ಪ್ರೋಟೀನ್ ಚಿನ್ನಕ್ಕೆ ಆತುಕೊಂಡ ಭಂಗಿಯದ್ದೋ ಬೇರೆ ಮಾಡಲು ಆಗುತ್ತಿಲ್ಲ. ಗಂಧಕದ ಕಡೆ ಗಟ್ಟಿ ಹಿಡಿತ, ಇನ್ನೊಂದು ಕಡೆ ಸುಮ್ನೆ ತಾಗಿದ್ದು. ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲಿಂಡ್ಸೆ ತಂಡ ಇದನ್ನೇ ಹಿಡಿದು ಹೊರಟಿದ್ದು. ಪ್ರೋಟೀನ್ ಸಹಜವಾಗಿ ಹಿಡಿದುಕೊಳ್ಳುವ ಅಣುವನ್ನೇ ಕೊಕ್ಕೆ ಮಾಡಿ ಎರಡೂ ತುದಿಗೆ ಕಟ್ಟಿದರೆ ಹಲವು ನ್ಯಾನೋಮೀಟರ್ ದೂರಕ್ಕೂ ನ್ಯಾನೋಸೀಮನ್ಸ್ ಮಟ್ಟದ ಕರೆಂಟು ಹೋಗುತ್ತದೆ ಅಂತ ತೋರಿಸಿದರು. ಸುಮ್ನೆ ಒತ್ತಿ ಹಿಡಿದರೆ ಹಾಗಲ್ಲ. ನನ್ನ ಆರು ತಿಂಗಳ ಗುದ್ದಾಟವೆಲ್ಲ ಪ್ರೋಟೀನಿನ ಜೊತೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಪೂರ್ತಿ ಬೆಸುಗೆಯ ಜೊತೆ. ಟಿವಿ ರಿಪೇರಿ ಮಾಡುತ್ತಿದ್ದ ಕಾಲದಲ್ಲೂ ಹತ್ತರಲ್ಲಿ ಎಂಟು ಸಲ ಅದೇ ಆಗಿರುತ್ತಿತ್ತು, ಡ್ರೈ ಸೋಲ್ಡರ್, ಸರಿಯಾಗಿ ಹಿಡಿಯದ ಬೆಸುಗೆ.

ಮುಂದಿನದ್ದಕ್ಕೆ ಗೆಳೆಯ ತಾಮ್ರ ತೆಗೆದ ಅಜುರಿನ್ ಕಳಿಸುತ್ತೇನೆ ಅಂದಿದ್ದಾನೆ. ಇಸ್ರೇಲಿನ ವೈಝ್‌ಮನ್ ಸಂಸ್ಥೆಯವರು ಅಜುರಿನ್ ಪದರಗಳಲ್ಲಿ ಅಳೆದಾಗ, ತಾಮ್ರ ಇದ್ದರೆ ಕರೆಂಟು ಬಿಸಿ ತಂಪಿಗೆ ಕ್ಯಾರೇ ಅನ್ನಲಿಲ್ಲ. ತಾಮ್ರ ತೆಗೆದಾಗ ತಣ್ಣಗಾದ ಹಾಗೆ ಇಳಿಯಿತು. ನನ್ನ ಟಿನ್ನಿನಲ್ಲಿ ಅಷ್ಟೆಲ್ಲ ತಣ್ಣಗೆ ಮಾಡಲು ಆಗದು. ಆದರೆ ತಾಮ್ರ ಇದ್ದದ್ದು 600, ಇಲ್ಲದ್ದು 600, ಒಂದೇ ತಂತಿ, ಒಂದೇ ಮೇಣ, ಅಷ್ಟಾದರೂ ಅಕ್ಕಪಕ್ಕ ಇಟ್ಟು ನೋಡಬಹುದು ಅಲ್ವಾ?

ಅಡಿಕೆ ಕೊಯ್ಲು ಶುರುವಾದರೆ ಅಂಗಳದಲ್ಲಿ ಸುಲಿಯುವ ಮಷೀನು ಬರುತ್ತದೆ, ಆಮೇಲೆ ಎರಡು ತಿಂಗಳು ಒರಳಿಗೂ ಬಿಡುವಿಲ್ಲ. ಅದರೊಳಗೆ ಮುಗಿಸಬೇಕು. ಟ್ಯೂಬಿನಲ್ಲಿ ಇನ್ನು 12 ಮೈಕ್ರೋಲೀಟರ್ ಉಳಿದಿದೆ, ಅತ್ತೆಯ ಫ್ರೀಜರಿನಲ್ಲಿ, ಹಲಸಿನ ಸೊಳೆಯ ಪೊಟ್ಟಣದ ಪಕ್ಕ. ನಿನ್ನೆ ತೆಗೆದು ನೋಡಿದೆ. ನೀಲಿ ಹಾಗೇ ಇದೆ.